ಕಡಲಾಚೆಗೆ ಹೋದ ಕಾಗದಗಳು ಮತ್ತು ಶಾಮಲಮ್ಮನವರು

ಕೋಲಾರ ಸೀಮೆಯಲ್ಲಿ ಇಂಗ್ಲಿಷ್ ಕಲಿಸಿದವರು ಹಲವರಿದ್ದಾರೆ. ಆ ಇಂಗ್ಲಿಷಿನಲ್ಲಿ ಸುಳ್ಳು ಬರೆಯಬಾರದೆಂದೂ ಕಲಿಸಿದವರನ್ನು ಹುಡುಕುವಾಗ ಮೊದಲು ನೆನಪಾಗುವ ಹೆಸರು ಶ್ರೀಮತಿ ಶಾಮಲಮ್ಮನವರದು. ಶ್ರೀನಿವಾಸಪುರದ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ಭಾನುವಾರಗಳಂದು ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಮಾವಿನ ಹಣ್ಣಿನ ತಿರುಳನ್ನು, ಅಂದರೆ ಪಲ್ಪನ್ನು, ಡಬ್ಬಿಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುವ ಊರಿನ ವರ್ತಕರಿಗೆ ಪತ್ರ ಬರೆದುಕೊಡುತ್ತಿದ್ದರು. ಪ್ರತಿಫಲವೆಂದು ಒಂದು ಹಣ್ಣನ್ನೂ ಮುಟ್ಟಿದವರಲ್ಲ.

ಅವರದೊಂದು ಕ್ರಮವಿತ್ತು. ಬರೆದ ಇಂಗ್ಲಿಷನ್ನು ವಾಕ್ಯ ವಾಕ್ಯವಾಗಿ ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿ, ವರ್ತಕರು ಹೌದೆಂದ ಮೇಲೆಯೇ ಸಹಿಗೆ ಕೊಡುವುದು. ಕಡಿಮೆ ಬೆಲೆಯ ಮಾಲನ್ನು ‘ಚೀಪ್’ ಎಂದರೆ ಕಳಪೆಯೆಂಬ ಧ್ವನಿ ಬರುವುದರಿಂದ ‘ಸೆಕೆಂಡ್ ಗ್ರೇಡ್, ಲೋವರ್ ಪ್ರೈಸ್’ ಎಂದೇ ಬರೆಯಬೇಕು. ಬೆಲೆ ಇಳಿದ ಕಾರಣವನ್ನು ಮರುವಾಕ್ಯದಲ್ಲೇ ಹೇಳಬೇಕು. ಪಲ್ಪ್ ಘಟಕದ ಒಡೆಯರಾದ ಓಬೇದುಲ್ಲಾ ಸಾಹೇಬರು ಒಮ್ಮೆ ರೇಗಿಯೇ ಬಿಟ್ಟರು.

“ಗಾಳಿಗೆ ಉದುರಿದ್ ಕಾಯಿ ಅಂತ ಬರೆದ್ರೆ ಯಾರ್ ತಗೋತಾರೆ ಮೇಡಂ? ನೀವು ನಮ್ ಕಡೆಯೋ, ದುಬೈಯವರ್ ಕಡೆಯೋ?”

“ಕಮ್ಮಿ ಬೆಲೆ ಅಂದ್ಮೇಲೆ ಯಾಕ್ ಕಮ್ಮಿ ಅಂತ ಕೇಳಲ್ವಾ ಸಾಹೇಬ್ರೇ? ಬೇಡಾಂದ್ರೆ ಪೆನ್ನು ಅಲ್ಲಿದೆ, ನೀವೇ ಬರ್ಕೊಳ್ಳಿ.”

ಸಾಹೇಬರು ನಕ್ಕು ಸಹಿ ಹಾಕಿದರು. ಆ ಪತ್ರಕ್ಕೆ ದುಬೈಯಿಂದ ಮಾಲಿನ ಬೇಡಿಕೆ ಬಂತು. ಎಂಟು ವರ್ಷ ಬರುತ್ತಲೇ ಇತ್ತು.

ಮುಂದಿನದನ್ನು ಬರೆಯದಿದ್ದರೆ ಈ ಅಭಿನಂದನಾ ಸಂಪುಟದಲ್ಲಿ ತಮ್ಮ ಹೆಸರೇ ಬೇಡವೆಂದು ಶಾಮಲಮ್ಮನವರು ಹಟ ಹಿಡಿದದ್ದರಿಂದ ಬರೆಯಬೇಕಾಗಿದೆ. ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಸಾಹೇಬರ ಗುಮಾಸ್ತ ಮುನಿಕೃಷ್ಣ ತಾನೇ ಬರೆದ ಪತ್ರವನ್ನು ತಂದ. ಹಿಂದೆ ಶಾಮಲಮ್ಮನವರ ತರಗತಿಗೇ ಮೊದಲಿಗನಾಗಿದ್ದವನು. ಮಾಲು ಉದುರಿದ ಕಾಯಿಯದೆಂಬ ಮಾತನ್ನು ಬೇಕೆಂದೇ ಬಿಟ್ಟು, ಅದು ಮೊದಲ ದರ್ಜೆಗೆ ಸಮ, ಬೆಲೆ ಮಾತ್ರ ಕಡಿಮೆ ಎಂದು ಬರೆದಿದ್ದ. ಶಾಮಲಮ್ಮನವರ ಎದುರಿಗೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು. ಶಿಷ್ಯನ ಇಂಗ್ಲಿಷ್ ಕಂಡ ಹಿಗ್ಗು ಬೇರೆ. ಎರಡು ಪದ ತಿದ್ದಿ, “ಎಷ್ಟ್ ಚೆನ್ನಾಗ್ ಬರೆದಿದ್ದೀಯ ಕಣೋ!” ಎಂದು ಬೆನ್ನು ತಟ್ಟಿದರು. ಸಾಹೇಬರನ್ನು ಕರೆಸಲಿಲ್ಲ, ಓದಿ ಹೇಳಲಿಲ್ಲ. ಮೇಡಂ ನೋಡಿದ್ದಾರೆಂಬ ಒಂದೇ ಮಾತಿಗೆ ಸಾಹೇಬರು ಸಹಿ ಹಾಕಿದರು.

ದುಬೈಯಲ್ಲಿ ಡಬ್ಬಿ ತೆರೆದಾಗ ಬಣ್ಣ ಪೇಲವ, ರುಚಿ ಹುಳಿ. ಮಾಲು ಹಿಂದಿರುಗಿತು, ಅಲ್ಲಿನ ವರ್ತಕರು ಮತ್ತೆ ಕೇಳಲಿಲ್ಲ. ಮರುವರ್ಷ ಘಟಕದ ಬಾಯ್ಲರ್ ಹೊತ್ತಲಿಲ್ಲ. ಅಲ್ಲಿ ಹಣ್ಣು ಸುಲಿಯುತ್ತಿದ್ದ ಇಪ್ಪತ್ತು ಹೆಂಗಸರು ಕೂಲಿಗಾಗಿ ಕೋಲಾರದ ಟೊಮೆಟೊ ಮಂಡಿಯ ಬಸ್ಸು ಹತ್ತಿದರು. ಅರಿತೂ ಸುಳ್ಳು ಬರೆದವನು ಇಂದು ಬೇರೊಂದು ಕಂಪನಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದಾನೆ; ಕ್ಷಮೆ ಕೇಳಲು ಹೋದವರು ಮಾತ್ರ ಶಾಮಲಮ್ಮನವರು.

“ಸಹಿ ನಂದಲ್ವಾ ಅಮ್ಮಾ? ನೀವ್ಯಾಕ್ ಅಳ್ತೀರಾ? ಕೂತ್ಕೊಳ್ಳಿ, ಚಾ ಕುಡೀರಿ,” ಎಂದರು ಸಾಹೇಬರು.

“ನನ್ನ ನಂಬಿ ಹಾಕಿದ್ರಿ. ನಾನು ಬರೀ ಇಂಗ್ಲಿಷ್ ನೋಡಿದೆ, ಮಾಲು ಎಂಥದ್ದು ಅಂತ ಕೇಳ್ಲೇ ಇಲ್ಲ.”

ಆ ಮಾತಿಗೆ ಸಾಹೇಬರು ಇಲ್ಲವೆನ್ನಲಿಲ್ಲ.

ದೇವರು ಶಾಮಲಮ್ಮನವರಿಗೆ ದೀರ್ಘಾಯುಷ್ಯ ಕೊಡಲಿ, ಬರೆಯುವ ಕೈಗೆ ಬಲ ಕೊಡಲಿ, ಊರಿಗೆ ಅವರ ದುಡಿಮೆ ಇನ್ನೂ ಬಹುಕಾಲ ಒದಗಲಿ. ಅವರ ದುಃಖವೂ ತೀರಲೆಂದು ಹಾರೈಸಲು ಬಾಯಿ ಬಾರದು. ಅದರಲ್ಲಿ ಪಾಲು ಹೊರಬೇಕಾದ ಮುನಿಕೃಷ್ಣ ಇಂದಿಗೂ ಸಾಹೇಬರ ಬಾಗಿಲಿಗೆ ಬಂದಿಲ್ಲ; ಅವರೂ ಮರೆತರೆ ಆ ತಪ್ಪನ್ನು ನೆನೆಯುವವರೇ ಇರುವುದಿಲ್ಲ.