ಗುಡುಗಿನ ಊರಿಗೆ ಬಂದ ಮೋಡೆಮ್ಮು

ನನ್ನ ಹೆಂಡತಿ ಸಾಗರದ ಹತ್ತಿರ, ಕೆಳದಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಾನು ತೀರ್ಥಹಳ್ಳಿಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಮದುವೆಯಾದಾಗಿನಿಂದ ನಮ್ಮದು ಶನಿವಾರದ ಸಂಸಾರ. ಶನಿವಾರ ಅವಳು ಬಸ್ಸು ಹತ್ತಿ ಬರುತ್ತಾಳೆ, ಇಲ್ಲವೇ ನಾನು ಹೋಗುತ್ತೇನೆ. ಸೋಮವಾರ ಬೆಳಿಗ್ಗೆ ಇಬ್ಬರಲ್ಲಿ ಒಬ್ಬರು ಮುಖ ಗಂಟಿಕ್ಕಿಕೊಂಡು ವಾಪಸ್ಸು ಬಸ್ಸು ಹತ್ತುತ್ತೇವೆ. ಎರಡು ಊರಲ್ಲಿ ಎರಡು ಒಲೆ, ಎರಡು ಕಡೆ ಹುಳಿಯಾಗುವ ದೋಸೆಹಿಟ್ಟು, ನಡುವೆ ಹೊಸನಗರ.

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನದ ಜಾಗ ಖಾಲಿ ಬಿತ್ತು. ವರ್ಗಾವಣೆಯ ಸರದಿಯಲ್ಲಿ ಇವಳೇ ಮುಂದಿದ್ದಳು. ಮಾಡಬೇಕಾದ್ದು ಇಷ್ಟೇ: ಇಲಾಖೆಯ ವೆಬ್‌ಸೈಟಿಗೆ ಹೋಗಿ, ಆ ಶಾಲೆಯನ್ನು ಆರಿಸಿ, ಗುಂಡಿ ಒತ್ತುವುದು. ಶನಿವಾರ ಸಂಜೆ ಐದು ಗಂಟೆಗೆ ಗಡುವು. ಅಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನೀವು ಕೇಳಬಹುದು. ಅಷ್ಟು ದಿನ ವೆಬ್‌ಸೈಟು ಕಣ್ಣೇ ಬಿಟ್ಟಿರಲಿಲ್ಲ. ಬಿಟ್ಟದ್ದು ಶುಕ್ರವಾರ. ಯಾರಿಗೂ ಅನ್ಯಾಯವಾಗಬಾರದೆಂದು ನಮ್ಮ ಇಲಾಖೆ ಎಲ್ಲರನ್ನೂ ಒಂದೇ ದಿನ ಒದ್ದಾಡಿಸುತ್ತದೆ.

ಅದೇ ಶನಿವಾರ ಕೋಣಂದೂರಿನ ಆಚೆ ಅವಳ ಸೋದರಮಾವನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಹೋಗದಿದ್ದರೆ ಆ ಮಾತು ನಮ್ಮ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ನಾನು ಹೆದರಲಿಲ್ಲ. ನನ್ನ ಹತ್ತಿರ ಟ್ಯಾಬ್ ಇತ್ತು, ಅದಕ್ಕೆ ನೆಟ್ ಕೊಡಲು ಅಂಗೈಯಗಲದ ಬ್ಯಾಟರಿ ಮೋಡೆಮ್ಮೂ ಇತ್ತು. ಫೋನಿನಲ್ಲಿ ಇಲಾಖೆಯ ಪುಟ ಅರ್ಧ ಮಾತ್ರ ಕಾಣುತ್ತಿತ್ತು, ಒತ್ತಬೇಕಾದ ಗುಂಡಿ ಕಾಣದ ಅರ್ಧದಲ್ಲಿತ್ತು. ಆದ್ದರಿಂದಲೇ ಈ ಸರಂಜಾಮು. "ಕಾಡೊಳಗೆ ಕೂತ್ರೂ ನೆಟ್ ಬರ್ತದೆ ಸಾರ್" ಎಂದಿದ್ದ ಅಂಗಡಿಯವನು. ಯಾವ ಕಾಡು ಎಂದು ನಾನೂ ಕೇಳಲಿಲ್ಲ.

ಹಿಂದಿನ ರಾತ್ರಿಯೇ ನಾನು ಅವಳಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಸಾಗರದಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿತ್ತು, ಇಲಾಖೆಯ ಸರ್ವರ್ ಮಲಗಿತ್ತು. ಬಸ್ಸು ಊರು ದಾಟಿತು. ಸರ್ವರ್ ಎದ್ದಿತು, ಸಿಗ್ನಲ್ ಮಲಗಿತು. ಮೋಡೆಮ್ಮಿನ ಮೇಲೊಂದು ದೀಪವಿದೆ. ಕೆಂಪು ಅಂದರೆ ಹುಡುಕುತ್ತಿದೆ, ಹಸಿರು ಅಂದರೆ ನೆಟ್ ಇದೆ. ನಡುವೆ ನೀಲಿ ಬರುತ್ತದೆ, ಟವರ್ ಸಿಕ್ಕಿದೆ ಆದರೆ ನೆಟ್ ಕೊಡುವುದಿಲ್ಲ ಎಂದು ಅದರ ಅರ್ಥ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೂ ಒಂದು ಬಣ್ಣ ಇಟ್ಟಿದ್ದಾರೆ. ಹಸಿರಿನ ಆಸೆಗೆ ಅದನ್ನು ಕಿಟಕಿಯಿಂದ ಹೊರಗೆ ಹಿಡಿದೆ.

"ಸಾರ್, ಕೈ ಒಳಗ್ ತಗಳಿ" ಎಂದ ಕಂಡಕ್ಟರು. "ಡಬ್ಬಿ ಹೋದ್ರೆ ನಿಮ್ದು, ಕೈ ಹೋದ್ರೆ ನಾನ್ ಉತ್ರ ಹೇಳ್ಬೇಕು."

ಹಿಂದಿನ ಸೀಟಿನ ಯಜಮಾನರೊಬ್ಬರು ಕವಲೇದುರ್ಗದ ತುದಿಗೆ ಹತ್ತಿದರೆ ಫುಲ್ ಸಿಗುತ್ತದೆ ಎಂದು ದಾರಿ ತೋರಿದರು. ಕೆಳದಿಯ ಅರಸರು ಶತ್ರುಗಳಿಗೆ ಹೆದರಿ ಗುಡ್ಡದ ಮೇಲೆ ಕೋಟೆ ಕಟ್ಟಿದರೆಂದು ನಾನು ಇಷ್ಟು ದಿನ ತಪ್ಪು ತಿಳಿದಿದ್ದೆ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಕೊನೆಗೂ ಹಸಿರು ಬಂತು, ಪುಟ ತೆರೆಯಿತು, ಅವಳು ಶಾಲೆ ಆರಿಸಿದಳು, ಅದು ಒಟಿಪಿ ಕೇಳಿತು. ಒಟಿಪಿ ಅವಳ ಫೋನಿಗೆ ಬಂದದ್ದು ಕೋಣಂದೂರಿನ ಬಸ್ಸು ಊರಾಚೆಯ ತಿರುವು ದಾಟಿದ ಮೇಲೆ, ಅವಧಿ ಮುಗಿಸಿಕೊಂಡು.

"ಅಳಿಯಂದ್ರೇ, ಆ ಡಬ್ಬಿ ಚೀಲಕ್ಕೆ ಹಾಕಿ" ಎಂದು ಮಾವ ಬಾಗಿಲಲ್ಲೇ ನಕ್ಕರು. "ನಮ್ಮನೇಲಿ ಫೈಬರ್ ಹಾಕ್ಸಿದೀನಿ."

ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಒಕ್ಕಲಿನ ದಿನವಾದ್ದರಿಂದ ಅವರ ಮೋಡೆಮ್ಮಿಗೂ ಕುಂಕುಮ ಹಚ್ಚಿ ದಾಸವಾಳ ಮುಡಿಸಿದ್ದರು. ಆದರೆ ನಮ್ಮ ಕಡೆ ಉಣ್ಣದ ನೆಂಟನ ಕೆಲಸಕ್ಕೆ ಕಿವಿಗೊಡುವವರಿಲ್ಲ. "ಊಟ ಆಗ್ಲಿ ಮೊದ್ಲು. ಪಾಸ್‌ವರ್ಡ್ ಎಲ್ಲಿ ಓಡ್ಹೋಗ್ತದೆ?" ಎಂದರು ಮಾವ. ಹೋಳಿಗೆ ಬಡಿಸುವವರು ಬಂದರು, ಮತ್ತೆ ಬಂದರು, ಒಲ್ಲೆನೆಂದು ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಹಾಕಿದರು. ಎದ್ದು ಕೈ ತೊಳೆದು, ಎಲೆಯಡಿಕೆ ಮುಗಿಸಿ, ಪಾಸ್‌ವರ್ಡ್ ಪಡೆಯುವಷ್ಟರಲ್ಲಿ ಬಿಸಿಲು ಮಂಕಾಗಿತ್ತು. ಪುಟ ತೆರೆಯಿತು. ಅವಳು ಶಾಲೆಯನ್ನು ಆರಿಸಿದಳು. ಆಗ ಗುಡುಗಿತು.

ಗುಡುಗಿದರೆ ಬೇರೆ ಊರಿನ ಜನ ಆಕಾಶ ನೋಡುತ್ತಾರೆ, ನಮ್ಮವರು ಸ್ವಿಚ್‌ಬೋರ್ಡು ನೋಡುತ್ತಾರೆ. ಸಿಡಿಲಿಗೆ ಸುಟ್ಟುಹೋದ ಟೀವಿಯೋ ಫೋನೋ ಇಲ್ಲದ ಅಟ್ಟ ಈ ಮೂರು ತಾಲೂಕಿನಲ್ಲಿ ಸಿಗುವುದು ಕಷ್ಟ. ಹಾಗಾಗಿ ಮೋಡ ಒಮ್ಮೆ ಕೆಮ್ಮಿದರೆ ಸಾಕು, ಮನೆಯ ಪ್ಲಗ್ಗುಗಳೆಲ್ಲ ಗೋಡೆಯಿಂದ ಹೊರಬರುತ್ತವೆ. ಮಾವ ಪಂಚೆ ಎತ್ತಿ ಕಟ್ಟಿ ಹೊರಟರು. ಟೀವಿ, ಫ್ರಿಜ್ಜು, ಮಿಕ್ಸಿ, ಆಮೇಲೆ ಕುಂಕುಮ ಹಚ್ಚಿದ ಮೋಡೆಮ್ಮು.

"ಮಾವಾ, ಒಂದೇ ನಿಮಿಷ!" ಎಂದೆ.

"ಆ ಒಂದ್ ನಿಮಿಷದಲ್ಲೇ ಅಳಿಯಂದ್ರೇ, ಹಳೇ ಮನೇಲಿ ಟೀವಿ ಹೋಗಿದ್ದು."

ಹೆಂಡತಿ ವಿಜ್ಞಾನ ಹೇಳಿದಳು. "ಮಾವ, ಫೈಬರ್ ಅಂದ್ರೆ ಗಾಜಿನ ಎಳೆ. ಅದ್ರಲ್ಲಿ ಸಿಡಿಲು ಹರಿಯಲ್ಲ."

"ನೀನು ಓದಿದ್ನ ಸಿಡಿಲು ಓದಿಲ್ಲ ಮಗಾ" ಎನ್ನುತ್ತ ಅವರು ಮೋಡೆಮ್ಮನ್ನು ಟವೆಲಿನಲ್ಲಿ ಸುತ್ತಿ ಬೀರುವಿನೊಳಗಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಟ್ಟೆಯಲ್ಲಿದ್ದ ಹೋಳಿಗೆ ಕೂಡ ನನಗೆ ಆಗ ಕಹಿಯಾಯಿತು.

ಊರಿನವರೆಲ್ಲ ಫೋನು ಮಾಡುವುದು ಮನೆಯ ಹಿಂದಿನ ಬೋಳುಗುಡ್ಡೆಯ ಬಂಡೆಯ ಮೇಲೆ ಎಂದು ನೆಂಟರೊಬ್ಬರು ಹೇಳಿದರು. ಹತ್ತಿದೆವು. ಅವಳು ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಟ್ಯಾಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ನಾನು ಬಂಡೆಯ ನೆತ್ತಿಗೆ ಹೋಗಿ ನಮ್ಮ ಮೋಡೆಮ್ಮನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಕೆಂಪು, ನೀಲಿ, ಹಸಿರು! ಬಂಡೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಅವಳು ಶಾಲೆಯನ್ನು ಮತ್ತೆ ಆರಿಸಿದಳು. ಒಟಿಪಿ ಕೂಡ ಬಂತು. ಐದಾಗಲು ಇನ್ನೇನು ಸ್ವಲ್ಪವೇ ಉಳಿದಿತ್ತು.

"ಒತ್ತಿದೆ ರೀ. ಚಕ್ರ ತಿರುಗ್ತಾ ಇದೆ!"

"ತಿರುಗ್ಲಿ, ತಿರುಗ್ಲಿ!" ಎಂದೆ. ಮನಸ್ಸಿನಲ್ಲಿ ಆಗಲೇ ಅವಳ ಒಲೆಯನ್ನು ತೀರ್ಥಹಳ್ಳಿಗೆ ಸಾಗಿಸಿಯಾಗಿತ್ತು.

ಪಶ್ಚಿಮದ ಗುಡ್ಡಗಳ ಮೇಲೆ ಮಿಂಚು ಗೀರಿತು. ಗುಡುಗು ಅದರ ಬೆನ್ನಿಗೇ ಬಂತು. ಅವಳು ತಲೆಯೆತ್ತಿ ನೋಡಿದಳು. ಟ್ಯಾಬನ್ನು ಹುಲ್ಲಿನ ಮೇಲೆ ಬಿಟ್ಟು ಬಂಡೆ ಹತ್ತಿ ಬಂದಳು, ನನ್ನ ಕೈಯನ್ನು ಜಗ್ಗಿ ಕೆಳಗಿಳಿಸಿದಳು, ಮೋಡೆಮ್ಮಿನ ಗುಂಡಿಯನ್ನು ಹಸಿರು ಆರುವವರೆಗೂ ಒತ್ತಿ ಹಿಡಿದಳು. ಕೆಳಗೆ ಚಕ್ರ ನಿಂತಿತು.

ಮೈಯೆಲ್ಲ ಉರಿದು ಹೋಯಿತು. "ಇದು ಬ್ಯಾಟರಿದು ಮಾರಾಯ್ತಿ! ವೈರೇ ಇಲ್ಲ! ನೀನು ವಿಜ್ಞಾನದ ಟೀಚರಾ, ನಿಮ್ಮ ಮಾವನಾ?"

"ವೈರಿಲ್ಲ ಅಂತ ನಂಗೂ ಗೊತ್ತು. ಕೈ ತಡೀಲಿಲ್ಲ" ಎಂದಳು. "ಈ ಬೋಳುಗುಡ್ಡೇಲಿ ಎತ್ತರಕ್ಕೆ ನಿಂತಿರೋದು ನೀವೊಬ್ರೇ. ಅದೂ ವಿಜ್ಞಾನವೇ. ತೀರ್ಥಹಳ್ಳಿಗೆ ಬಂದು ನಾನೊಬ್ಳೇ ಏನ್ ಮಾಡ್ಲಿ?"

ನನ್ನ ಸಿಟ್ಟು ಇಳಿಯಲಿಲ್ಲ. ಮಳೆ ಹನಿಯತೊಡಗಿತ್ತು. ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡೇ ಗುಡ್ಡೆ ಇಳಿದಳು. ಕೆಳಗೆ ತಲುಪುವಷ್ಟರಲ್ಲಿ ಐದು ದಾಟಿತ್ತು. ಬೇರೆ ವಿಷಯಗಳಲ್ಲಿ ತೂಕಡಿಸುವ ಇಲಾಖೆ ಬಾಗಿಲು ಹಾಕುವುದರಲ್ಲಿ ಮಾತ್ರ ಬಹಳ ಶಿಸ್ತಿನದು.

"ಆಯ್ತಾ ಕೆಲ್ಸ?" ಎಂದು ಮಾವ ಕೇಳಿದರು.

"ಆಯ್ತು ಮಾವ" ಎಂದಳು ಅವಳು. ಒಕ್ಕಲಿನ ಮನೆಯಲ್ಲಿ ಇಲ್ಲ ಎನ್ನಬಾರದು.

ಮಾರನೇ ದಿನ ಹೊರಡುವ ಮುಂಚೆ ನಾನೊಬ್ಬನೇ ಹೋಗಿ ಆ ಬಂಡೆಯನ್ನು ನೋಡಿ ಬಂದೆ. ಸಿಡಿಲು ಬಡಿದ ಒಂದಾದರೂ ಗುರುತಿದ್ದಿದ್ದರೆ ಸಮಾಧಾನವಾಗುತ್ತಿತ್ತು. ಬಂಡೆ ಗಟ್ಟಿಮುಟ್ಟಾಗಿ ಕೂತಿತ್ತು. ತೀರ್ಥಹಳ್ಳಿಯ ಆ ಜಾಗಕ್ಕೆ ಯಾರೋ ಬಂದರು, ಒಳ್ಳೆಯವರಂತೆ. ನಮ್ಮ ಶನಿವಾರಗಳು ಹಾಗೇ ಉಳಿದವು.

ಗುಡುಗು ಶುರುವಾದರೆ ಈಗ ಸಾಗರದಿಂದ ಫೋನು ಬರುತ್ತದೆ. "ಇಲ್ಲಿ ಜೋರಾಗಿದೆ ರೀ. ಅಲ್ಲಿ ಪ್ಲಗ್ ಕಿತ್ರಾ?"

"ಆಗಲೇ ಕಿತ್ತೆ" ಎನ್ನುತ್ತೇನೆ. ಫೋನು ಇಟ್ಟಮೇಲೆ ಎದ್ದು ಹೋಗಿ ಕೀಳುತ್ತೇನೆ.