ದೇವರ ಜಗಲಿಯ ಚಾವಿ

ಕಳ್ಳನ ಮೇಲೆ ನನಗೆ ಸಿಟ್ಟಿಲ್ಲ. ಅವನು ಪಾಪ, ಚಾವಿ ಸಮೇತ ನಿಂತಿದ್ದ ಗಾಡಿಯನ್ನು ಹತ್ತಿಕೊಂಡು ಹೋದ. ಸಿದ್ದಾಪುರದ ಚಹಾದಂಗಡಿ ಮುಂದೆ ನನ್ನ ಸ್ಕೂಟರನ್ನು ಹಾಗೆ ನಿಲ್ಲಿಸಿ ಹರಟೆಗೆ ಕೂತವನು ನನ್ನ ಮೈದುನ. ಸಿಟ್ಟೆಲ್ಲ ಅವನ ಮೇಲೆ. ಬಸ್ಸಿನಲ್ಲಿ ಮನೆಗೆ ಬಂದು, "ಐದು ಮಿನಿಟಿನ ಕೆಲಸ ಇತ್ತು ವೈನಿ," ಎಂದ. ಮುಖದಲ್ಲಿ ನಾಚಿಕೆ ಎಳ್ಳಷ್ಟೂ ಇರಲಿಲ್ಲ.

ಗಂಗಾವತಿಯ ನಮ್ಮ ಮನೆಯಿಂದ ಮರಳಿಯ ಶಾಲೆಗೆ ದಿನವೂ ನಾನು ಪಾಠ ಹೇಳಲು ಹೋಗುತ್ತಿದ್ದದ್ದು ಆ ಗಾಡಿಯ ಮೇಲೆ. ನನ್ನ ಪಗಾರದಲ್ಲಿ ಕೊಂಡದ್ದು. ಆದರೆ ಅತ್ತೆ ಓಣಿಯವರಿಗೆಲ್ಲ ಹೇಳಿದ್ದು, "ನಮ್ಮ ಗಾಡಿ ಹೋತ್ರೀ, ಯಾರ ಕಣ್ಣು ಬಿತ್ತೋ ಏನೋ." ಮಗನ ಕೈ ಬಿದ್ದದ್ದನ್ನು ಹೇಳಲಿಲ್ಲ. ಪೆಟ್ರೋಲ್ ಹಾಕಿಸುವಾಗ ಮಾತ್ರ ಅದು "ನಿನ್ನ ಗಾಡಿ" ಆಗುತ್ತಿತ್ತು.

ಮಂಗಳೂರಿನಿಂದ ಅಪ್ಪ ಫೋನ್ ಮಾಡಿದ. ನಮ್ಮ ಮಂಗಳೂರು ಯಲಬುರ್ಗಾ ಕಡೆಯದು, ಕಡಲಿನದಲ್ಲ. "ಹೋಗಿದ್ದು ಹೋತು ಯವ್ವಾ. ಬೀಗ್ರ ಮನ್ಯಾಗ ಬಾಯಿ ಮಾಡಬ್ಯಾಡ," ಎಂದ. ನಮ್ಮ ಕಡೆ ಬೀಗ ಎಂದರೆ ಮಕ್ಕಳ ಮದುವೆಯಿಂದ ಸಂಬಂಧಿಯಾದವನು; ಬಾಗಿಲಿಗೆ ಹಾಕುವುದು ಕೀಲಿ. ಪುಸ್ತಕದ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು. ಬರೆದವರು ಮದುವೆಯಾದ ಯಾವಳೋ ಹೆಣ್ಣುಮಗಳನ್ನು ಕೇಳಿಕೊಂಡೇ ಬರೆದಿರಬೇಕು.

ಎರಡನೆಯ ಗಾಡಿ ಕೊಂಡ ದಿನವೇ ಅದಕ್ಕೊಂದು ಕೀಲಿ ತರಲು ಹೊರಟೆ. ಗಂಡನೂ ಬಂದ. ಅಂಗಡಿಯವನು ಮೊದಲಿನಿಂದ ಕೊನೆಯವರೆಗೂ ಅವನ ಮುಖ ನೋಡಿಯೇ ಮಾತಾಡಿದ. "ಗಾಡಿ ಹೊಡಿಯಾಕಿ ನಾನ್ರಿ," ಎಂದೆ. "ಹೌದ್ರಿ ಅಕ್ಕಾರ," ಎಂದು ಮತ್ತೆ ಗಂಡನ ಕಡೆಗೇ ತಿರುಗಿದ. ಒಂದು ದಪ್ಪ ಸರಪಳಿ ತೋರಿಸಿದ. ಎಮ್ಮೆ ಕಟ್ಟಲು ಚೆನ್ನಾಗಿತ್ತು. ಮುಟ್ಟಿದರೆ ಕೂಗಿಕೊಳ್ಳುವ ಇನ್ನೊಂದನ್ನು ತೋರಿಸಿದ. ನಮ್ಮ ಓಣಿಯಲ್ಲಿ ಬೆಕ್ಕು ಹಾರಿದರೂ ಅದು ಕೂಗುತ್ತದೆ, ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ.

"ಅದು ಯಾಕ ಬೇಕು? ಒದರೂದಕ್ಕ ಮನ್ಯಾಗ ಇವಳೇ ಅದಾಳಲ್ಲ," ಎಂದ ಗಂಡ. ಇಬ್ಬರೂ ನಕ್ಕರು. ಮುಂದಿನ ಗಾಲಿಯ ಬ್ರೇಕಿನ ತಟ್ಟೆಗೆ ಕಚ್ಚಿಕೊಳ್ಳುವ, ಮುಷ್ಟಿಯಷ್ಟು ದೊಡ್ಡ ಉಕ್ಕಿನ ಕೀಲಿಯನ್ನು ನಾನೇ ಎತ್ತಿಕೊಂಡೆ.

"ಇದನ್ನ ಯಾವ ಕಳ್ಳನೂ ಮುರಿಯಂಗಿಲ್ರಿ ಸರ್. ಎರಡು ಚಾವಿ ಬರ್ತಾವ," ಎಂದ ಅಂಗಡಿಯವನು, ಗಂಡನಿಗೆ.

ಆ ಎರಡನೆಯ ಚಾವಿಯೇ ಎಲ್ಲ ಕೆಡಿಸಿತು. ನಮ್ಮ ಮನೆಯಲ್ಲಿ ಯಾವ ಹೊಸ ಸಾಮಾನು ಬಂದರೂ ಮೊದಲು ದೇವರ ಜಗಲಿಯ ಮೇಲೆ ಇಟ್ಟು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಬೇಕು. ಕೀಲಿಗೂ ಅದೆಲ್ಲ ಆಯಿತು. ಕೀಲಿಯೂ ಒಂದು ಚಾವಿಯೂ ನನ್ನ ಕೈಗೆ ಬಂದವು. ಇನ್ನೊಂದು ಚಾವಿಯನ್ನು ಅತ್ತೆ ಅಲ್ಲೇ ಬಿಟ್ಟರು, ಗಾಡಿಯ ಎರಡನೆಯ ಚಾವಿಯ ಪಕ್ಕದಲ್ಲಿ.

"ದೇವ್ರ ಹಂತ್ಯಾಕ ಇರ್ಲಿ. ಅಲ್ಲಿಂದ ಯಾರು ಕದೀತಾರ?" ಎಂದು ಎದ್ದರು. ಸೊಂಟಕ್ಕೆ ಸಿಕ್ಕಿಸಿಕೊಂಡ ಅವರ ಟ್ರಂಕಿನ ಚಾವಿ ಝಣ್ ಎಂದಿತು. ದೇವರ ಹೆಸರು ಬಂದ ಮೇಲೆ ಸೊಸೆ ಎದುರಾಡುವಂತಿಲ್ಲ.

ಆ ವಾರವೇ ಒಂದು ಮುಂಜಾನೆ ಶಾಲೆಗೆ ಹೊರಟು ಹೊರಗೆ ಬಂದರೆ ಗಾಡಿ ಇಲ್ಲ. ಕೀಲಿ ಮಾತ್ರ ಬಾಯಿ ತೆರೆದುಕೊಂಡು ಕಟ್ಟೆಯ ಮೇಲೆ ಕೂತಿತ್ತು. ಒಳಗೆ ಓಡಿ ಜಗಲಿ ನೋಡಿದೆ. ಚಾವಿಗಳಿದ್ದ ಜಾಗದಲ್ಲಿ ಬರೀ ವಿಭೂತಿ. ಮೈದುನ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಮುಗಿದ ಕೈಯನ್ನು ಹಾಗೇ ಮುಂದೆ ಚಾಚಿದ್ದ.

"ಸಿದ್ದಾಪುರಕ್ಕ ಹೋಗ್ಯಾನ. ನೀ ಬಸ್ಸಿಗೆ ಹೋಗು," ಎಂದರು ಅತ್ತೆ, ಕೊತ್ತಂಬರಿ ಸೋಸುತ್ತ.

ಬಸ್ಸು ಹಿಡಿದು ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. "ಹೊಸಾ ಗಾಡಿ ತಗೊಂಡೀರಂತ, ಮತ್ಯಾಕ ತಡ ಮೇಡಂ?" ಎಂದರು ಹೆಡ್‌ಮಾಸ್ತರರು, ಮಕ್ಕಳೆಲ್ಲರ ಎದುರಿಗೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಯಾವ ಬಾಯಿಯಿಂದ ಹೇಳಲಿ? ಈಗ ಸುಮ್ಮನಿದ್ದರೆ ಈ ಗಾಡಿಯೂ ನನ್ನದಾಗಿ ಉಳಿಯುವುದಿಲ್ಲ, ನನಗೆ ಉಳಿಯುವುದು ಪೆಟ್ರೋಲ್ ಮಾತ್ರ ಎಂದು ಅವತ್ತು ಖಾತ್ರಿಯಾಯಿತು.

ಸಂಜೆ ಮೈದುನ ಗಾಡಿ ತಂದು ನಿಲ್ಲಿಸಿದ ಮೇಲೆ ಒಬ್ಬಳೇ ಅದೇ ಅಂಗಡಿಗೆ ಹೋದೆ. ಈ ಸಲ ಅವನು ನನ್ನ ಮುಖ ನೋಡಲೇಬೇಕಾಯಿತು.

"ಚಾವಿ ಇಲ್ಲದ್ದು ಕೊಡ್ರಿ."

"ನಂಬರಿನವು ಅದಾವ್ರಿ ಅಕ್ಕಾರ. ಆದ್ರ ಅಷ್ಟು ಗಟ್ಟಿ ಇಲ್ರಿ. ಕಳ್ಳ ಮನಸ್ಸು ಮಾಡಿದ್ರ ಕತ್ತರಿಸ್ತಾನ."

"ನಮ್ಮ ಕಳ್ಳ ಅಷ್ಟು ಕಷ್ಟ ಪಡಂಗಿಲ್ರಿ," ಎಂದು ಅದನ್ನೇ ತಂದೆ.

ಅತ್ತೆ ಎಂದಿನಂತೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈ ಚಾಚಿದರು.

"ಚಾವಿ ಕೊಡು, ಇಲ್ಲೇ ಇಡ್ತೀನಿ."

"ಇದಕ್ಕ ಚಾವಿ ಇಲ್ರೀ ಅತ್ತಿ."

"ಮತ್ತ ತೆಗಿಯೂದು ಹ್ಯಾಂಗ?"

"ನಂಬರ್ ಐತ್ರಿ. ನನ್ನ ತಲ್ಯಾಗ ಐತಿ."

"ಯಾವ ನಂಬರ್ ವೈನಿ?" ಎಂದ ಮೈದುನ, ಬಾಗಿಲಲ್ಲಿ ನಿಂತು. ಅತ್ತೆಯ ದನಿ ಏರಿತು.

"ಮನಿ ಮಂದಿಗೇ ಕೀಲಿ ಹಾಕ್ತೀಯೇನು? ಈ ಮನ್ಯಾಗ ನಂದು ನಿಂದು ಅನ್ನೂದು ಯಾವಾಗಿಂದ ಬಂತು?"

ನಾನು ಅವರ ಸೊಂಟ ನೋಡಿದೆ. ತವರಿನಿಂದ ತಂದ ಟ್ರಂಕಿನ ಚಾವಿ ಅಲ್ಲೇ ನೇತಾಡುತ್ತಿತ್ತು. ನಾನು ಈ ಮನೆಗೆ ಬಂದಂದಿನಿಂದ ಅದು ಒಮ್ಮೆಯೂ ದೇವರ ಜಗಲಿ ಹತ್ತಿದ್ದನ್ನು ಕಂಡಿಲ್ಲ. ಟ್ರಂಕಿನಲ್ಲಿ ಏನಿದೆ ಎಂದು ಹೆತ್ತ ಮಕ್ಕಳೂ ಕೇಳಿಲ್ಲ.

ನನ್ನ ಕಣ್ಣು ಎಲ್ಲಿದೆ ಎಂಬುದು ಅವರಿಗೆ ತಿಳಿಯಿತು. ಸೆರಗು ಎಳೆದು ಚಾವಿಯ ಮೇಲೆ ಹಾಕಿಕೊಂಡರು. ಅಷ್ಟರಲ್ಲಿ ಮೈದುನ ಮತ್ತೆ ನಂಬರ್ ಕೇಳಿದ.

"ಬಸ್ಸಿಗೆ ಹೋಗೋ ನೀ!" ಎಂದು ಅತ್ತೆ ಅವನ ಮೇಲೆ ಹರಿಹಾಯ್ದರು.