ಮೌನ ಮುರಿದ ನಲವತ್ತೊಂದು ಬುಧವಾರಗಳು

ನ್ಯಾಯಾಲಯದ ನೌಕರರೆಲ್ಲ ಆಕೆಯನ್ನು ರಟ್ಟಮ್ಮ ಎಂದೇ ಕರೆಯುತ್ತಿದ್ದರು. ದಾಖಲೆ ಕೋಣೆಯ ಹಿಂದಿನ ಗಲ್ಲಿಯಲ್ಲಿ ಆಕೆಯ ಪುಸ್ತಕ ಕಟ್ಟುವ ಅಂಗಡಿಯಿತ್ತು. ೧೯೮೧ರ ಜೂನ್ ಒಂದರಿಂದ ನಮ್ಮ ತೀರ್ಪುಗಳ ಸಂಪುಟಗಳನ್ನು ಕಟ್ಟಿದವಳು ಆಕೆಯೇ. ದಾಖಲೆ ಕೋಣೆಯ ಮೇಲ್ವಿಚಾರಕನಾಗಿದ್ದ ನಾನು ಅವುಗಳನ್ನು ಪರಿಶೀಲಿಸಿ ತೆಗೆದುಕೊಳ್ಳುತ್ತಿದ್ದೆ. ಒಂದು ಹಾಳೆ ತಲೆಕೆಳಗಾಗಿದ್ದರೂ ಇಡೀ ಸಂಪುಟವನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಸಾಲದ್ದಕ್ಕೆ, ಇಂಥ ಪುಟದಲ್ಲಿ ತಪ್ಪು ಮಾಡಿದ್ದೆನೆಂದು ಚೀಟಿ ಬರೆದು ಒಳಗಿಡುತ್ತಿದ್ದಳು.

"ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲಮ್ಮ" ಎಂದರೆ, "ನನಗೆ ಗೊತ್ತಲ್ಲ, ಸಾರ್" ಎನ್ನುವಳು.

ಈ ಅಭ್ಯಾಸ ಆಕೆಗೆ ತನ್ನ ಮತದಿಂದ ಬಂದದ್ದು. ಊರಿನಲ್ಲಿ ಆ ಮತದವರ ಮನೆಗಳು ಮೂವತ್ತೊಂದು. ಬುಧವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಒಂದು ಕೋಣೆಯಲ್ಲಿ ಮೌನವಾಗಿ ಕುಳಿತುಕೊಳ್ಳುವುದೇ ಅವರ ಪ್ರಾರ್ಥನೆ. ಮಕ್ಕಳಿಗೆ ಈ ನಿಯಮವಿಲ್ಲ. ದೊಡ್ಡವರು ಮಾತಾಡಿಬಿಟ್ಟರೆ, ಬಾಗಿಲ ಬಳಿಯ ಪುಸ್ತಕದಲ್ಲಿ ದಿನಾಂಕ, ಗಂಟೆ, ಕಾರಣಗಳನ್ನು ಬರೆದು ಸಹಿ ಹಾಕಬೇಕು. ದಿನಾಂಕಕ್ಕೆ ಇಷ್ಟು ಮರ್ಯಾದೆ ಕೊಡುವ ಮತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಂಡ ಜಮೀನು ಅಳೆಯುವ ಮೋಜಣಿದಾರ, ಊರಿನ ಬಹುಪಾಲು ಜನರ ಮತದವನು. ೧೯೯೦ರಲ್ಲಿ ಇಬ್ಬರೂ ಬೇರೆಯಾದರು. ಮಗಳು ತಾಯಿಯ ಬಳಿ ಉಳಿದಳು. ಭಾನುವಾರ ತಂದೆಯ ಮನೆಗೆ ಹೋಗುತ್ತಿದ್ದಳು. ಒಂಬತ್ತು ವರ್ಷದ ಆ ಹುಡುಗಿ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾಗಿ ಗಲ್ಲಿಯವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ೧೯೯೩ರ ಮಾರ್ಚ್ ೧೪ರ ಭಾನುವಾರ ಅವಳ ಬೆರಳಿಗೆ ಪಟ್ಟಿ ಕಟ್ಟಿತ್ತು. ಪ್ರಾರ್ಥನೆಯ ಕೋಣೆಯಲ್ಲಿ ಕುಯ್ದುಕೊಂಡದ್ದೆಂದು ತಿಳಿದು ತಂದೆ ಹೌಹಾರಿದ. ಆ ಮೌನದ ಮನೆಯಲ್ಲಿ ಮಗು ಕೂಗಿಕೊಂಡರೂ ಯಾರೂ ತುಟಿ ಬಿಚ್ಚುವುದಿಲ್ಲವೆಂದೂ, ಮಗಳನ್ನು ತನಗೊಪ್ಪಿಸಬೇಕೆಂದೂ ಏಪ್ರಿಲ್ ಐದರಂದು ಅರ್ಜಿ ಹಾಕಿದ.

ವಿಚಾರಣೆಯ ದಿನ ಬೆಳಿಗ್ಗೆ ಆಕೆಯ ವಕೀಲರು ಆಕೆಯನ್ನು ನನ್ನ ಕೋಣೆಗೇ ಕರೆತಂದು ಬೇಡಿಕೊಂಡರು.

"ನೋಡಿ ತಾಯಿ, ಇನ್ಮೇಲೆ ಪ್ರಾರ್ಥನೆಗೆ ಹೋಗಲ್ಲ ಅಂತ ಒಂದು ಮಾತು ಹೇಳಿಬಿಡಿ. ಮಗಳು ನಿಮ್ಮ ಹತ್ರಾನೇ ಉಳೀತಾಳೆ."

"ಹೋಗ್ತೀನಲ್ಲ, ಸಾರ್."

"ಹೋಗಿ, ಯಾರು ಬೇಡ ಅಂದ್ರು? ಹೇಳ್ಬೇಡಿ ಅಷ್ಟೆ!"

"ಸುಳ್ಳು ಹೇಳಿ ಮಗಳನ್ನ ಉಳಿಸ್ಕೊಂಡ್ರೆ, ಆಮೇಲೆ ಅವಳಿಗೆ ಏನಂತ ಬುದ್ಧಿ ಹೇಳ್ಲಿ?"

ವಕೀಲರು ನನ್ನತ್ತ ನೋಡಿ, "ಸತ್ಯ ಹೇಳೋ ಕಕ್ಷಿದಾರರು ಶತ್ರೂಗೂ ಬೇಡ" ಎಂದು ಗೊಣಗಿದರು.

ಅದು ಅಕ್ಟೋಬರ್ ೧೯, ಮಂಗಳವಾರ. ಹದಿನೆಂಟೆಂದು ಕೆಲವರು ಹೇಳುವುದುಂಟು, ತಪ್ಪು. ಕಟಕಟೆಯಲ್ಲಿ ಆಕೆ ಗೋಂದು ಮೆತ್ತಿದ ಬೆರಳುಗಳನ್ನು ಸೆರಗಿನಲ್ಲಿ ಮರೆಮಾಡಿಕೊಂಡು ನಿಂತಿದ್ದಳು. ಎದುರು ಪಕ್ಷದ ವಕೀಲರು ಪಾಟೀಸವಾಲಿಗೆ ಎದ್ದರು.

"ಆ ಹೊತ್ತಿನಲ್ಲಿ ಮಾತಾಡ್ಬಾರ್ದು ಅಂತ ನಿಮ್ಮ ನಿಯಮ. ಹೌದೋ ಅಲ್ವೋ?"

"ಹೌದು."

"ಅಂದ್ರೆ ಮಗು ಬೆರಳು ಕುಯ್ಕೊಂಡಾಗ ನೀವು ಬಾಯಿ ಮುಚ್ಕೊಂಡು ಕೂತಿದ್ರಿ!"

ಆಕೆ ತಲೆ ತಗ್ಗಿಸಿದಳು. "ಇಲ್ಲ ಸಾರ್. ನಾನು ನಿಯಮ ತಪ್ಪಿದೀನಿ. ಒಂದು ಸಲ ಅಲ್ಲ, ಮೂರು ವರ್ಷದಲ್ಲಿ ನಲವತ್ತೊಂದು ಸಲ. ಮುಚ್ಚಿಡಬಾರದು ಅಂತ ಪುಸ್ತಕಾನೂ ತಂದಿದೀನಿ."

ಆಕೆಯ ವಕೀಲರು ಹಣೆ ಹಣೆ ಚಚ್ಚಿಕೊಂಡರು. ಎದುರಿನವರು ಹಿಗ್ಗಿಹೋದರು. "ತಮ್ಮ ಮತದ ನಿಯಮವನ್ನೇ ಪಾಲಿಸದವರು, ಸ್ವಾಮಿ! ಓದಿಸಬೇಕು!"

ನ್ಯಾಯಾಧೀಶರ ಅಪ್ಪಣೆಯಂತೆ ಗುಮಾಸ್ತ ಓದತೊಡಗಿದ.

"೧೨ ಫೆಬ್ರವರಿ ೧೯೯೨, ಏಳು ಗಂಟೆ ಹತ್ತು ನಿಮಿಷ. ಮಗಳು ಕಿಟಕಿ ಹತ್ತಿದಳು. ಇಳಿಯೇ ಎಂದು ಕಿರುಚಿದೆ.

"೮ ಜುಲೈ ೧೯೯೨, ಎಂಟೂಕಾಲು. ಮಗಳ ಮೈ ಸುಡುತ್ತಿತ್ತು. ತಲೆ ನೋಯುತ್ತಾ ಕಂದಾ ಎಂದು ಕೇಳಿದೆ. ಪ್ರಾರ್ಥನೆ ಬಿಟ್ಟು ವೈದ್ಯರ ಬಳಿಗೆ ಹೋದೆ.

"೧೦ ಮಾರ್ಚ್ ೧೯೯೩, ಏಳಕ್ಕೆ ಹತ್ತು ನಿಮಿಷ. ನನ್ನ ಚೀಲದಲ್ಲಿದ್ದ ಚಾಕುವಿನಿಂದ ಮಗಳು ಬೆರಳು ಕುಯ್ದುಕೊಂಡಳು. ಚಾಕು ಅಲ್ಲಿ ಬಿಟ್ಟದ್ದು ನನ್ನ ತಪ್ಪು. ಎಷ್ಟು ಮಾತಾಡಿದೆನೋ ಲೆಕ್ಕವಿಲ್ಲ."

ಮುಂದಿನದಕ್ಕೆ ಬರುವಾಗ ಗುಮಾಸ್ತನಿಗೇ ನಗೆ ಉಕ್ಕಿತು. "೧೨ ಮೇ ೧೯೯೩, ಎಂಟು ಗಂಟೆ. ಮಗಳು ಕಿವಿಯಲ್ಲಿ ಒಂದು ನಗೆಹನಿ ಹೇಳಿದಳು. ನಕ್ಕೆ."

ಸಭೆಗೆ ಸಭೆಯೇ ನಕ್ಕಿತು. ಎದುರು ಪಕ್ಷದ ವಕೀಲರು, "ಸಾಕು, ಸ್ವಾಮಿ" ಎಂದರು.

"ನೀವೇ ಕೇಳಿದ್ದು. ಪೂರ್ತಿ ಓದಲಿ" ಎಂದರು ನ್ಯಾಯಾಧೀಶರು.

ನಲವತ್ತೊಂದನ್ನೂ ಓದಿಯಾಯಿತು. ಅನಂತರ ಮಗುವನ್ನು ಐದು ನಿಮಿಷ ಮಾತಾಡಿಸುವುದಾಗಿ ಹೇಳಿ ನ್ಯಾಯಾಧೀಶರು ಅವಳನ್ನು ಕರೆದುಕೊಂಡು ತಮ್ಮ ಕೊಠಡಿಗೆ ಹೋದರು. ನಲವತ್ತೆಂಟು ನಿಮಿಷಗಳ ಬಳಿಕ ಕನ್ನಡಕ ಒರೆಸಿಕೊಳ್ಳುತ್ತ ಹೊರಬಂದರು. "ಈ ಮಗುವಿನ ಬಾಯಿ ಯಾರೋ ಕಟ್ಟಿಹಾಕಿದ್ದಾರೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ ವಕೀಲರೇ. ಬೇಕಾದ್ರೆ ನೀವೂ ಒಳಗೆ ಹೋಗಿಬನ್ನಿ."

ತೀರ್ಪು ಬಂದದ್ದು ನವೆಂಬರ್ ೨೬, ಶುಕ್ರವಾರ. ಮತ ಹಿರಿದೋ ಕಿರಿದೋ ಎಂಬುದು ಅಳತೆಗೋಲಲ್ಲ, ಮಗುವಿಗೆ ಕೇಡಾಗಿದೆಯೇ ಎಂಬುದೊಂದೇ ಅಳತೆಗೋಲು. ಈ ತಾಯಿ ತನ್ನ ಮತವನ್ನೂ ಬಿಟ್ಟಿಲ್ಲ, ಮಗಳನ್ನೂ ಬಿಟ್ಟಿಲ್ಲ. ಮಗಳು ತಾಯಿಯೊಡನೆ ಇರಲಿ, ಬುಧವಾರ ಆಕೆಯೊಡನೆ ಹೋಗಲಿ. ಭಾನುವಾರ ತಂದೆಯ ಮನೆಯಲ್ಲಿ ಅವನ ಪ್ರಾರ್ಥನೆಯನ್ನೂ ನೋಡಲಿ. ಸಾರಾಂಶ ಇಷ್ಟು.

ಮೆಟ್ಟಿಲ ಬಳಿ ಮೋಜಣಿದಾರ ತಡವರಿಸಿದ. "ಈ ಪುಸ್ತಕದ ವಿಷಯ ಮೊದಲೇ ಹೇಳಿದ್ರೆ ನಾನು ಅರ್ಜೀನೇ ಹಾಕ್ತಿರ್ಲಿಲ್ಲ."

"ನೀವು ಕೇಳಲೇ ಇಲ್ವಲ್ಲ."

"ಅಪ್ಪಾ, ನಾನು ಹೇಳೋಕೆ ಬಂದೆ. ನೀನು 'ಸುಮ್ನಿರೇ' ಅಂದೆ!" ಎಂದಳು ರೇಡಿಯೋ. ಅವನು ಪೆಚ್ಚಾಗಿ ನಕ್ಕು ಅವಳ ತಲೆ ಸವರಿದ.

ಡಿಸೆಂಬರ್ ಎರಡರಂದು ನಾನು ಅಂಗಡಿಗೆ ಹೋದಾಗ ಆಕೆ ಅದೇ ಪುಸ್ತಕಕ್ಕೆ ಹೊಸ ಹಾಳೆಗಳನ್ನು ಹೊಲಿಯುತ್ತಿದ್ದಳು. ಹಿಂದಿನ ದಿನ ಬುಧವಾರ. ಕೊನೆಯ ಪುಟದಲ್ಲಿ ಆಕೆಯ ಅಕ್ಷರವಿತ್ತು: "೧ ಡಿಸೆಂಬರ್ ೧೯೯೩, ಆರು ಗಂಟೆ ಒಂದು ನಿಮಿಷ. ಗೆದ್ದೆವು ಎಂದೆ." ಅದರ ಕೆಳಗೆ ಉಳಿದ ಮೂವತ್ತು ಮನೆಗಳ ಹಿರಿಯರೂ ಮೌನ ಮುರಿದು ಸಹಿ ಹಾಕಿದ್ದರು. ಎಲ್ಲರದೂ ಒಂದೇ ಗಂಟೆ, ಒಂದೇ ಕಾರಣ. ಪುಟ ಸಾಲದೆ ಸಹಿಗಳು ರಟ್ಟಿನ ಮೇಲೂ ಹತ್ತಿದ್ದವು.